ಹೊಳೆಯ ಮೀನು ಯಾರ ಸ್ವತ್ತು?

ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಲೋಕದ ಬೇರಾವ ನದಿಯೂ ತನ್ನದೆಂದು ಹೇಳಿಕೊಳ್ಳಲಾರದ ಮೀನೊಂದಿದೆ. ಕಿತ್ತಳೆ ಬಣ್ಣದ ರೆಕ್ಕೆ, ಗೂನಿನಂತೆ ಎದ್ದ ಬೆನ್ನು, ಮಡುಗಳಲ್ಲಿ ಹಿಂಡುಗೂಡಿ ತಿರುಗುವ ಸ್ವಭಾವ. ಹೊಳೆಯ ಜನ ಇದನ್ನು ಬಿಳಿಮೀನು ಎಂದರು. ಹೊರಗಿನಿಂದ ಬಂದ ಬೇಟೆಗಾರರು ಮಹಶೀರ್ ಎಂದರು. 2018ರಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ಇದನ್ನು ಅಳಿವಿನ ಅಂಚಿಗೆ ಬಂದ ಜೀವಿಗಳ ಸಾಲಿಗೆ ಸೇರಿಸಿತು. ಮೈಸೂರಿನ ನಲ್ಲಿಗಳಲ್ಲಿ ಬರುವುದು ಕಾವೇರಿ, ಕಬಿನಿಗಳ ನೀರೇ. ಆ ನೀರಿನ ಮೀನು ಅಳಿದರೆ ಅದು ನಮಗೆ ದೂರದ ಸುದ್ದಿಯಲ್ಲ.

ಈ ಮೀನಿನ ಚರಿತ್ರೆಯಲ್ಲಿ ನಮ್ಮ ಸಮಾಜದ ಚರಿತ್ರೆಯೂ ಅಡಗಿದೆ. 1873ರಲ್ಲೇ ಇಂಗ್ಲಿಷರ ಗಾಳದ ಬೇಟೆಯ ಪುಸ್ತಕದಲ್ಲಿ ಇದರ ವರ್ಣನೆ ಬಂತು. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ ಮೀನು ಹಿಡಿದು ವಿಶ್ವದಾಖಲೆ ಮಾಡಿದರು. ಮಹಾರಾಜರು ಹೊಡೆದ ಹುಲಿಗಳನ್ನು ಹದಮಾಡಿ ಅರಮನೆಯ ಗೋಡೆಗೇರಿಸುತ್ತಿದ್ದ ಮನೆತನವದು. ದೊಡ್ಡವರ ವಿನೋದದಲ್ಲಿ ಮೀನಿನ ತೂಕ ದಾಖಲಾಯಿತು. ಆದರೆ ಈ ಮೀನು ಶಾಸ್ತ್ರದ ಪ್ರಕಾರ ಯಾವ ಜಾತಿಯದೆಂದು ತೀರ್ಮಾನವಾದದ್ದು 2018ರಲ್ಲಿ! ಮೆಚ್ಚಿದವರಿದ್ದರು, ಕೊಂದವರಿದ್ದರು, ವಿಚಾರಿಸಿದವರಿರಲಿಲ್ಲ.

ಈ ಅಲಕ್ಷ್ಯದ ಫಲವೇನು? 1970ರ ದಶಕದಿಂದೀಚೆಗೆ ಲೋಣಾವಳದ ಮರಿಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಬೇರೊಂದು ಮಹಶೀರ್ ಜಾತಿಯ ಮರಿಗಳನ್ನು ಕಾವೇರಿಗೂ ಬಿಡಲಾಯಿತು. ಉದ್ದೇಶ ಒಳ್ಳೆಯದೇ, ಮೀನು ಹೆಚ್ಚಲಿ ಎಂದು. ಹೆಚ್ಚಿತು ಕೂಡ, ಆದರೆ ಹೆಚ್ಚಿದ್ದು ಹೊರಗಿನದು. 1998ರಿಂದ 2012ರವರೆಗೆ ಗಾಳದ ಶಿಬಿರಗಳಲ್ಲಿ ಬರೆದಿಟ್ಟ ಲೆಕ್ಕಗಳನ್ನು ಶೋಧಿಸಿದ ವಿಜ್ಞಾನಿಗಳು, ನೀಲಿ ರೆಕ್ಕೆಯದು ಏರಿದಂತೆ ನಮ್ಮ ಗೂನುಬೆನ್ನಿನದು ಕುಸಿದುದನ್ನು ಕಂಡರು. ಇದರ ಮೇಲೆ ಅಣೆಕಟ್ಟುಗಳು ದಾರಿಗಡ್ಡವಾದವು, ಮರಳಿನ ಲಾರಿಗಳು ಹೊಳೆಯ ಒಡಲನ್ನೇ ಹೊತ್ತೊಯ್ದವು, ಸಿಡಿಮದ್ದು ಮರಿಗಳನ್ನೂ ಬಿಡಲಿಲ್ಲ. ಮದ್ದು ಸಿಡಿಸುವ ಕೈಗಳಲ್ಲಿ ಬಡವರ ಕೈಗಳೂ ಇವೆಯೆಂಬುದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಹೊಟ್ಟೆಪಾಡಿನವನನ್ನು ಠಾಣೆಗೆಳೆದು ಮರಳಿನ ಧಣಿಗೆ ಕುರ್ಚಿ ಹಾಕುವುದು ನ್ಯಾಯವಲ್ಲ.

ಜನರಿಗೆ ಕಾಯುವುದು ಗೊತ್ತಿಲ್ಲವೆನ್ನುವವರು ರಾಮನಾಥಪುರಕ್ಕೆ ಹೋಗಿ ನೋಡಲಿ. ಅಲ್ಲಿನ ವಹ್ನಿಪುಷ್ಕರಿಣಿಯಲ್ಲಿ ಕಾವೇರಿಯ ಮೀನುಗಳನ್ನು ದೇವರ ಮೀನೆಂದು ಜನರೇ ಉಳಿಸಿಕೊಂಡು ಬಂದಿದ್ದಾರೆ. ಗಾಳದ ಶಿಬಿರಗಳಲ್ಲೂ ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರೇ ಸಂಬಳ ಸಿಕ್ಕಾಗ ಕಾವಲುಗಾರರಾದರು. ಭಕ್ತಿಯೋ ಕೂಲಿಯೋ, ಹೊಳೆಯ ದಡದವರಿಗೆ ಪಾಲಿದ್ದಲ್ಲಿ ಮೀನು ಉಳಿದಿದೆ.

ಆದ್ದರಿಂದ ನಾವು ಸರ್ಕಾರವನ್ನು ಒತ್ತಾಯಿಸುವುದಿಷ್ಟು. ಕಾವೇರಿಗೆ ಹೊರಗಿನ ಜಾತಿಯ ಮರಿ ಬಿಡುವುದು ಕೂಡದು. ಬಿಡುವುದಾದರೆ ಇಲ್ಲಿನ ತಾಯಿಮೀನುಗಳ ಮರಿಗಳನ್ನೇ ಬಿಡಬೇಕು. ಬೇಸಿಗೆಯಲ್ಲೂ ಮಡುಗಳು ಬತ್ತದಷ್ಟು ನೀರು ಹೊಳೆಯಲ್ಲಿ ಹರಿಯಬೇಕು. ಮರಳು ಮತ್ತು ಮದ್ದಿನ ವ್ಯಾಪಾರ ಮಾಡುವವರನ್ನು ಮೊದಲು ಹಿಡಿಯಬೇಕು. ಹೊಳೆ ಕಾಯುವ ಕೆಲಸವನ್ನು ಮೀನುಗಾರರ ಸಹಕಾರ ಸಂಘಗಳಿಗೆ ತಕ್ಕ ಸಂಬಳದೊಡನೆ ವಹಿಸಬೇಕು. ಹೊಳೆಯ ಮೀನು ಅರಮನೆಯದಲ್ಲ, ಶಿಬಿರದ್ದಲ್ಲ, ಕಂಟ್ರಾಕ್ಟರನದಲ್ಲ. ಅದು ಹೊಳೆಯನ್ನು ನಂಬಿ ಬದುಕುವ ಜನರದು, ಅವರ ಮಕ್ಕಳದು. ಆ ಮಕ್ಕಳ ಕಾಲಕ್ಕೂ ಮಡುವಿನಲ್ಲಿ ಬಿಳಿಮೀನಿನ ಹಿಂಡು ಇರುವಂತೆ ನೋಡಿಕೊಳ್ಳುವುದು ಇಂದಿನ ಸರ್ಕಾರದ ಹೊಣೆ.