ಶಾಲಾ ಮೈದಾನದ ನವೀಕರಣ: ನನ್ನ ಬಿನ್ನಹ

ಸುವರ್ಣ ಮಹೋತ್ಸವದ ನೆನಪಿಗೆ ಶಾಲಾ ಮೈದಾನದ ಸುತ್ತ ಬೃಹತ್ ಗ್ಯಾಲರಿ ಕಟ್ಟಿಸಬೇಕೆಂಬ ಹಳೆ ವಿದ್ಯಾರ್ಥಿಗಳ ಅಭಿಮಾನ ಶ್ಲಾಘನೀಯವೇ. ಆದರೂ ನಿವೃತ್ತ ಮುಖ್ಯೋಪಾಧ್ಯಾಯನಾದ ನಾನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ನಿದರ್ಶನವೊಂದನ್ನು ತಮ್ಮ ಮುಂದಿಡಬಯಸುತ್ತೇನೆ. ಚೆಂಡನ್ನು ಕೈಯಲ್ಲಿ ಹಿಡಿದೋಡುವ ಅವರ ಫುಟ್‌ಬಾಲಿಗಾಗಿ 1921ರಲ್ಲಿ ತೆರೆದ ಕ್ರೀಡಾಂಗಣವು ಮುಂದೆ ವಿಸ್ತಾರಗೊಂಡು ಸುಮಾರು 85,000 ಆಸನಗಳನ್ನು ಹೊಂದಿತ್ತು. 2005-06ರಲ್ಲಿ ಅದನ್ನು ಕೆಡವಿ ಹೊಸತಾಗಿ ಕಟ್ಟಿದಾಗ ಆಸನಗಳನ್ನು ಸುಮಾರು 50,000ಕ್ಕೆ ಇಳಿಸಿದರು. ಓಟದ ಪಥವನ್ನು ತೆಗೆದು ಪ್ರೇಕ್ಷಕರನ್ನು ಆಟದ ಸಮೀಪಕ್ಕೆ ತಂದರು.

ಅಂಥ ಸಿರಿವಂತ ಸಂಸ್ಥೆಯೇ ಅಗತ್ಯವರಿತು ಕಿರಿದುಗೊಳಿಸಿಕೊಂಡಿರುವಾಗ, ಮಕ್ಕಳ ಸಂಖ್ಯೆ ವರ್ಷವರ್ಷವೂ ಕುಗ್ಗುತ್ತಿರುವ ಕಾಸರಗೋಡಿನ ನಮ್ಮ ಕನ್ನಡ ಶಾಲೆಗೆ ಬೃಹತ್ ಗ್ಯಾಲರಿ ಏಕೆ? ಮುರಕಲ್ಲಿನ ಹಳೆಯ ಮೆಟ್ಟಿಲುಗಳನ್ನೇ ದುರಸ್ತಿಪಡಿಸಿ, ಮಳೆನೀರಿಗೆ ಚರಂಡಿ ತೋಡಿಸಿ, ಉಳಿದ ಹಣವನ್ನು ಚೆಂಡು, ಬೂಟುಗಳಿಗೂ ದೈಹಿಕ ಶಿಕ್ಷಕರೊಬ್ಬರ ಗೌರವಧನಕ್ಕೂ ವಿನಿಯೋಗಿಸುವುದು ಲೇಸು. ಆಡುವ ಮಕ್ಕಳಿದ್ದರಲ್ಲವೇ ನೋಡುವವರು ಬರುವುದು?