ಬೆಲೆ ಟವೆಲ್ಲಿನಡಿ ಇರಲಿ, ನೋಟು ಬಿಸಿಲಿಗೆ ಬರಲಿ

ಹಳೇ ಬೈಕು ಮಾರಲು ಹೊರಟವನ ತಲೆಯಲ್ಲಿ ಒಂದೇ ಪ್ರಶ್ನೆ: ಎಷ್ಟಕ್ಕೆ ಹೋಗುತ್ತದೆ? ಕೈಗೆ ಬರುವುದು ದುಡ್ಡೋ ಬರೀ ಕಾಗದವೋ ಎಂಬ ಎರಡನೆಯ ಪ್ರಶ್ನೆ ಹುಟ್ಟುವುದೇ ಇಲ್ಲ. ಹುಟ್ಟುವ ಹೊತ್ತಿಗೆ ಬೈಕು ಜಿಲ್ಲೆ ದಾಟಿರುತ್ತದೆ.

ಬೆಂಗಳೂರಲ್ಲಿ ದುಡಿಯುವ ನಮ್ಮ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಹುಡುಗರು ಊರಿಗೆ ಬಂದಾಗ ಕೆಎ-11, ಕೆಎ-54 ನಂಬರಿನ ಗಾಡಿ, ವರ್ಷ ಬಳಸಿದ ಫೋನು, ಮನೆಯಲ್ಲಿ ತುಕ್ಕು ಹಿಡಿಯುತ್ತಿರುವ ಪಂಪ್‌ಸೆಟ್ಟು ಮಾರುತ್ತಾರೆ. ಕೊಳ್ಳುವವನು ಯಾರೋ, ಎಲ್ಲಿಯವನೋ. ಫೋನಿನಲ್ಲೇ ಪರಿಚಯ, ಫೋನಿನಲ್ಲೇ ಚೌಕಾಸಿ. ಅವನು ಹೀಗೆನ್ನುತ್ತಾನೆ ಎಂದಿಟ್ಟುಕೊಳ್ಳಿ: "ಕರಿಘಟ್ಟದ ಬುಡಕ್ಕೆ ಬಂದ್ಬುಡಿ ಸಾ, ಸಂಜೆ ಏಳ್ ಗಂಟೆಗೆ. ಕ್ಯಾಷ್ ತತ್ತೀನಿ." ಮೇಲೆ ಶ್ರೀನಿವಾಸನ ಗುಡಿ, ಕೆಳಗೆ ಲೋಕಪಾವನಿ ಕಾವೇರಿಗೆ ಸೇರುವ ನೋಟ. ಜಾಗ ಚೆಂದವೇ. ದುಡ್ಡು ಎಣಿಸುವುದಕ್ಕೆ ಮಾತ್ರ ಅದಕ್ಕಿಂತ ಕೆಟ್ಟ ಜಾಗವಿಲ್ಲ. ಕತ್ತಲಲ್ಲಿ ನೋಟಿನ ನೀರುಗುರುತು ಕಾಣುವುದಿಲ್ಲ, ದಾರದ ಬಣ್ಣ ಕಾಣುವುದಿಲ್ಲ. ಸಾಕ್ಷಿಗೆ ಕೋತಿಯೂ ಸಿಗುವುದಿಲ್ಲ.

ಜಾಗವನ್ನೂ ಹೊತ್ತನ್ನೂ ಗೊತ್ತು ಮಾಡಬೇಕಾದವನು ಮಾರುವವನು, ಕೊಳ್ಳುವವನಲ್ಲ. ಅವಸರ ಯಾರದೋ ಅವರ ಮೇಲೆ ಅನುಮಾನ ಇರಲಿ.

ಇದೇನು ಹೊಸ ಕತೆಯಲ್ಲ. 2016ರ ನವೆಂಬರ್ 8ರ ರಾತ್ರಿ ಹಳೆಯ 500, 1000ದ ನೋಟು ರದ್ದಾದವು. ಹೊಸ 2000ದ ನೋಟು ಜನರ ಕೈಗೆ ಬಂದು ವಾರ ತುಂಬುವುದರೊಳಗೆ ಚಿಕ್ಕಮಗಳೂರಿನ ಮಾರುಕಟ್ಟೆಯಲ್ಲಿ ಈರುಳ್ಳಿ ಮಾರಿದ ರೈತನೊಬ್ಬನ ಕೈಗೆ ಯಾರೋ ಅದರ ಬಣ್ಣದ ಜೆರಾಕ್ಸ್ ಇಟ್ಟು ಹೋದರು. ರೈತ ದಡ್ಡನಾಗಿರಲಿಲ್ಲ. ಅಸಲಿ ನೋಟು ಹೇಗಿರುತ್ತದೆಂದು ಆ ವಾರ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ, ಅಷ್ಟೆ. ಮೋಸಗಾರನಿಗೆ ಒಳ್ಳೆಯ ಪ್ರಿಂಟರ್ ಬೇಕಿಲ್ಲ. ನಮ್ಮ ಅಜ್ಞಾನವೊಂದಿದ್ದರೆ ಸಾಕು.

ಕರಿಘಟ್ಟದ ಮೇಲೆ ನಿಂತರೆ ಕಾಣುವ ಶ್ರೀರಂಗಪಟ್ಟಣದಲ್ಲೇ ಟಿಪ್ಪುವಿನ ಕಾಲದಲ್ಲಿ ಟಂಕಸಾಲೆ ಇತ್ತು. ಅಲ್ಲಿ ಹೊಡೆದ ನಾಣ್ಯಗಳ ಮೇಲೆ ಪಟ್ಟಣದ ಹೆಸರೇ ಇದೆ. ಅಂದಿನ ಚಿನಿವಾರ ನಾಣ್ಯವನ್ನು ತೂಗಿ, ಒರೆಗೆ ಹಚ್ಚಿ, ಸದ್ದು ಕೇಳಿಯೇ ಚೀಲಕ್ಕೆ ಹಾಕುತ್ತಿದ್ದ. ಅದನ್ನು ಯಾರೂ ಅವಮಾನ ಎಂದುಕೊಳ್ಳುತ್ತಿರಲಿಲ್ಲ. ಇವತ್ತು ಅಲ್ಲಿಂದ ಅರ್ಧ ಗಂಟೆಯ ದಾರಿಯ ಮೈಸೂರಿನಲ್ಲಿ 1996ರಿಂದ ದೇಶದ ನೋಟು ಅಚ್ಚಾಗುತ್ತಿದೆ, ನೋಟಿನ ಕಾಗದವೂ ಅಲ್ಲಿ ತಯಾರಾಗುತ್ತದೆ. ನೋಟು ಹುಟ್ಟುವ ಊರಿನ ಪಕ್ಕದಲ್ಲಿದ್ದೂ ನೋಟಿನ ಮುಖ ಗುರುತಿಸಲು ನಮಗೆ ಸಂಕೋಚ! "ಎಣಿಸಿದ್ರೆ ಏನಂದ್ಕೋತಾನೋ" ಎಂಬ ಹಾಳು ದಾಕ್ಷಿಣ್ಯ.

ಈಗ 500ರ ನೋಟು ಹಿಡಿದುಕೊಳ್ಳಿ. ಮೊದಲು ಕಣ್ಣಿಗಿಂತ ಬೆರಳು. ಗಾಂಧಿಯ ಚಿತ್ರ, ಅಶೋಕ ಸ್ತಂಭ, ಎರಡೂ ಅಂಚಿನ ಐದೈದು ಓರೆಗೆರೆ ಬೆರಳಿಗೆ ಉಬ್ಬಾಗಿ ತಾಗಬೇಕು. ಜೆರಾಕ್ಸ್ ನುಣ್ಣಗಿರುತ್ತದೆ. ನೋಟನ್ನು ಓರೆ ಮಾಡಿದರೆ ದಾರ ಹಸಿರಿನಿಂದ ನೀಲಿಗೆ ತಿರುಗಬೇಕು, ಕೆಳಗೆ ಬಲಗಡೆಯ 500 ಅಂಕಿಯೂ ಹಾಗೆಯೇ. ಬೆಳಕಿಗೆ ಹಿಡಿದರೆ ಖಾಲಿ ಜಾಗದಲ್ಲಿ ಗಾಂಧಿಯೂ 500 ಅಂಕಿಯೂ ಮೂಡಬೇಕು. ನಂಬರಿನ ಅಂಕಿಗಳು ಎಡದಿಂದ ಬಲಕ್ಕೆ ದೊಡ್ಡದಾಗುತ್ತ ಹೋಗಬೇಕು. ಇನ್ನೊಂದು, ಹೆಚ್ಚಿನವರು ಮಾಡದ ಕೆಲಸ: ಕಟ್ಟು ಬಿಚ್ಚಿ ನೋಟುಗಳನ್ನು ಹರಡಿ ನಂಬರ್ ನೋಡಿ. ಒಂದೇ ನಂಬರ್ ಎರಡು ನೋಟಿನ ಮೇಲಿದ್ದರೆ ಅಲ್ಲಿಂದ ಎದ್ದು ನಡೆಯಿರಿ. ಹಾಗೇ ಹಿಂಬದಿಯ ಹದಿನೈದು ಭಾಷೆಗಳಲ್ಲಿ ನಾಲ್ಕನೆಯ ಸಾಲು ನಮ್ಮದು. ಅದರ ಅಕ್ಷರ ಕಲಸಿಹೋಗಿದ್ದರೆ ದೆಹಲಿಯವನಿಗಿಂತ ಮೊದಲು ನಮ್ಮ ಕಣ್ಣಿಗೇ ಬೀಳಬೇಕಲ್ಲ! 2000ದ ನೋಟು ತಂದರೆ ಬೇಡವೇ ಬೇಡ. 2023ರ ಮೇ ತಿಂಗಳಲ್ಲಿ ಅದನ್ನು ಹಿಂತೆಗೆದುಕೊಂಡಾಯಿತು.

ಇದೆಲ್ಲಕ್ಕಿಂತ ಗಟ್ಟಿ ಉಪಾಯ ಬೇರೆಯೇ ಇದೆ. ಹಗಲು ಹೊತ್ತು ನಿಮ್ಮ ಬ್ಯಾಂಕಿಗೇ ಅವನನ್ನು ಕರೆಯಿರಿ. ಚಲನ್ ಅವನೇ ಬರೆಯಲಿ, ನಿಮ್ಮ ಖಾತೆಗೆ ದುಡ್ಡು ಅವನೇ ಕಟ್ಟಲಿ. ಅಸಲಿ ದುಡ್ಡಿನವನು ಒಪ್ಪುತ್ತಾನೆ. ಖೋಟಾದವನಿಗೆ ತಟ್ಟನೆ ಬೇರೆ ಕೆಲಸ ನೆನಪಾಗುತ್ತದೆ. ಫೋನಿನಲ್ಲಿ ಹಣ ಹಾಕುತ್ತೇನೆ ಎಂದರೆ ಅವನ ಪರದೆಯ ಹಸಿರು ಗುರುತನ್ನು ನಂಬಬೇಡಿ, ನಿಮ್ಮ ಖಾತೆಯ ಬಾಕಿ ನೋಡಿಯೇ ಕೀಲಿ ಕೊಡಿ.

ಯಾಕಿಷ್ಟು ರಗಳೆ ಎನ್ನುವವರು ಕಾನೂನು ಕೇಳಿಸಿಕೊಳ್ಳಿ. ಖೋಟಾ ನೋಟನ್ನು ಬ್ಯಾಂಕಿಗೆ ಒಯ್ದರೆ ಅದರ ಮೇಲೆ ಮುದ್ರೆ ಒತ್ತಿ ಇಟ್ಟುಕೊಳ್ಳುತ್ತಾರೆ. ವಾಪಸು ಕೊಡುವುದಿಲ್ಲ, ಬದಲಿಗೆ ಬಿಡಿಗಾಸೂ ಕೊಡುವುದಿಲ್ಲ. ರಸೀದಿ ಕೊಡಲೇಬೇಕು, ಕೇಳಿ ಪಡೆಯಿರಿ. ಒಂದೇ ಸಲಕ್ಕೆ ನಾಲ್ಕರವರೆಗೆ ಸಿಕ್ಕರೆ ತಿಂಗಳ ವರದಿಯಲ್ಲಿ ಪೊಲೀಸರಿಗೆ ಹೋಗುತ್ತದೆ. ಐದಾದರೆ ಕೂಡಲೇ ಎಫ್‌ಐಆರ್. ನಲವತ್ತು ಸಾವಿರದ ಬೈಕಿಗೆ 500ರ ಎಂಬತ್ತು ನೋಟು. ಅದರಲ್ಲಿ ಐದು ಖೋಟಾ ಇದ್ದರೆ ಠಾಣೆಯಲ್ಲಿ ಉತ್ತರ ಕೊಡುವವರು ನೀವು. ಗೊತ್ತಿಲ್ಲದೆ ಸಿಕ್ಕಿಬಿದ್ದವನಿಗೆ ಶಿಕ್ಷೆಯಿಲ್ಲ, ನಿಜ. ಆದರೆ "ಯಾರು ಕೊಟ್ಟಿದ್ದು?" ಎಂಬ ಪ್ರಶ್ನೆಗೆ "ಯಾರೋ ಸಾರ್, ಕರಿಘಟ್ಟದ ಹತ್ರ" ಎಂದರೆ ಯಾವ ಇನ್‌ಸ್ಪೆಕ್ಟರ್ ನಂಬುತ್ತಾನೆ? ಕೊಂಡವನ ಹೆಸರು, ವಿಳಾಸ, ಗುರುತಿನ ಚೀಟಿಯ ಪ್ರತಿ, ಸಹಿ ಮಾಡಿದ ಮಾರಾಟ ಪತ್ರ ನಿಮ್ಮ ಬಳಿ ಇರಬೇಕು. ಗಾಡಿಯಾದರೆ ಆರ್‌ಟಿಒ ವರ್ಗಾವಣೆಯೂ ಆಗಬೇಕು.

ಇನ್ನು ಆ "ಜಾಣತನ"ದ ಮಾತು. ಖೋಟಾ ನೋಟು ಸಿಕ್ಕವನಿಗೆ ಸ್ನೇಹಿತರು ಮೊದಲು ಹೇಳುವುದೇನು? "ಸಂತೇಲಿ ತಳ್ಳಿಬುಡ್ಲಾ, ಯಾರು ನೋಡ್ತಾರೆ!" ಸಂತೆಯಲ್ಲಿ ಕೂತಿರುವುದು ಸೊಪ್ಪು ಮಾರುವ ಅಜ್ಜಿ. ಬೆಳಗ್ಗಿಂದ ಸಂಜೆವರೆಗೆ ಬಿಸಿಲಲ್ಲಿ ಕೂತು ಅವಳು ದುಡಿದದ್ದು ಆ ಒಂದು ನೋಟಿಗೆ ಸಮ. ಆ ನೋಟು ಖೋಟಾ ಎಂದು ತಿಳಿದೂ ದಾಟಿಸಿದ ಗಳಿಗೆಯಿಂದ ನೀವು ಬಲಿಪಶುವಲ್ಲ, ಆರೋಪಿ. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 179ನೇ ಕಲಂ ಇದಕ್ಕೆ ಜೀವಾವಧಿಯವರೆಗೂ ಶಿಕ್ಷೆ ಇಟ್ಟಿದೆ. ಚಲಾಯಿಸುವ ಉದ್ದೇಶದಿಂದ ಜೇಬಲ್ಲಿ ಇಟ್ಟುಕೊಂಡಿದ್ದರೂ 180ನೇ ಕಲಂ, ಏಳು ವರ್ಷದವರೆಗೆ. ನಾಚಿಕೆ ಇಲ್ಲದವನಿಗೆ ಭಯವಾದರೂ ಇರಲಿ.

ಪಾಂಡವಪುರದ ಬೇಬಿ ಬೆಟ್ಟದ ದನಗಳ ಜಾತ್ರೆ, ಕೆ.ಆರ್.ಪೇಟೆಯ ಹೇಮಗಿರಿ ಜಾತ್ರೆ ನೋಡಿದವರಿಗೆ ಗೊತ್ತು: ದಲ್ಲಾಳಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುತ್ತಾನೆ. ಬೆಲೆ ಗುಟ್ಟಾಗಿರಲಿ, ಅದು ನಮ್ಮ ಸಂಪ್ರದಾಯ. ಆದರೆ ಜೋಡೆತ್ತಿಗೆ ಲಕ್ಷ ದಾಟುವ ಕಾಲದಲ್ಲಿ ಅಷ್ಟೂ ನೋಟು ಮರದಡಿಯಲ್ಲಿ ಕೈ ಬದಲಾಗುವಾಗ ನೋಡುವವರು ಯಾರು? ರಿಸರ್ವ್ ಬ್ಯಾಂಕಿನ ನೋಟಿನ ತಿಳಿವಳಿಕೆ ಪ್ರಚಾರಕ್ಕೆ ಇಟ್ಟ ಹೆಸರು "ಪೈಸಾ ಬೋಲ್ತಾ ಹೈ". ಬೋಲ್ತಾ ಇರಬಹುದು, ಹೇಮಗಿರಿಯ ರೈತನಿಗೆ ಕೇಳಿಸಬೇಕಲ್ಲ! ಗ್ರಾಹಕರಿಗೆ ಕೊಡುವ ಕಾಗದವೆಲ್ಲ ಆಯಾ ರಾಜ್ಯದ ಭಾಷೆಯಲ್ಲೂ ಇರಬೇಕೆಂಬುದು ಅದೇ ರಿಸರ್ವ್ ಬ್ಯಾಂಕಿನ ಸೂಚನೆ. ಜಿಲ್ಲೆಯ ಬ್ಯಾಂಕಿನವರು ಮುಂದಿನ ಜಾತ್ರೆಗೆ ಒಂದು ಮೇಜು, ಒಂದು ನೋಟು ಪರೀಕ್ಷೆಯ ಯಂತ್ರ, ಕನ್ನಡ ಬಲ್ಲ ಒಬ್ಬ ನೌಕರ, ದೊಡ್ಡ ಅಕ್ಷರದ ಒಂದು ಕನ್ನಡ ಫಲಕ ಕಳಿಸಲಿ. ಮೇಜಿಗೆ ನೆರಳಿನ ಚಪ್ಪರ ನಮ್ಮ ಹುಡುಗರು ಹಾಕಿಕೊಡುತ್ತಾರೆ.