ಮೊದಲು ಚೆಂಡು, ಆಮೇಲೆ ನೆಲ

ಗಾಲ್ಫ್ ಕಲಿಯಲು ಹೊಸದಾಗಿ ಬಂದವರನ್ನು ಅಭ್ಯಾಸದ ಮೈದಾನದಲ್ಲಿ ಅರ್ಧ ಗಂಟೆ ನೋಡುತ್ತಾ ನಿಂತರೆ ಸಾಕು, ಈ ಆಟದ ಕಷ್ಟವೆಲ್ಲ ಕಣ್ಣಿಗೆ ಬೀಳುತ್ತದೆ. ದೊಡ್ಡ ತಲೆಯ ಡ್ರೈವರ್‌ನಿಂದ ಹತ್ತರಲ್ಲಿ ಎರಡು ಚೆಂಡಾದರೂ ಗಾಳಿಗೇರುತ್ತವೆ. ಐರನ್ ಕೈಗೆ ಬಂತೋ, ಪಾಡು ಬೇರೆ. ಒಮ್ಮೆ ಕೋಲು ಚೆಂಡಿಗಿಂತ ಹಿಂದೆಯೇ ನೆಲಕ್ಕೆ ಬಡಿದು ಮಣ್ಣು ಹಾರುತ್ತದೆ, ಚೆಂಡು ಹತ್ತು ಗಜ ಉರುಳಿ ನಿಲ್ಲುತ್ತದೆ. ಮರುಸಲ ಕೋಲು ಚೆಂಡಿನ ನೆತ್ತಿಗೆ ತಾಗಿ, ಅದು ಮೊಲದಂತೆ ಹುಲ್ಲಿನ ಮೇಲೆ ಓಡುತ್ತದೆ. ಎರಡೂ ಬೇರೆ ಬೇರೆ ರೋಗಗಳಂತೆ ಕಂಡರೂ ಸಾಮಾನ್ಯವಾಗಿ ಮೂಲ ಒಂದೇ. ಆಟಗಾರ ಚೆಂಡನ್ನು ಮೇಲಕ್ಕೆ ಎತ್ತಲು ಹೋಗಿರುತ್ತಾನೆ.

ನೆಲದ ಮೇಲಿರುವುದನ್ನು ಮೇಲಕ್ಕೆ ಕಳಿಸಬೇಕಾದರೆ ಅದರ ಅಡಿಗೆ ಕೋಲು ತೂರಿಸಿ ಎತ್ತಬೇಕು ಎಂದು ಮನಸ್ಸು ಹೇಳುತ್ತದೆ. ಗಾಲ್ಫ್‌ನಲ್ಲಿ ಈ ಬುದ್ಧಿ ಕೆಲಸಕ್ಕೆ ಬಾರದು. ಐರನ್‌ನ ಮುಖವೇ ಹಿಂದಕ್ಕೆ ವಾಲಿರುತ್ತದೆ. ಏಳನೇ ಸಂಖ್ಯೆಯ ಐರನ್‌ನಲ್ಲಿ ಈ ಓರೆ ಹಿಂದೆ 35 ಡಿಗ್ರಿಯ ಆಸುಪಾಸಿನಲ್ಲಿರುತ್ತಿತ್ತು. ಈಗಿನ ಹಲವು ಕೋಲುಗಳಲ್ಲಿ 30 ಡಿಗ್ರಿ, ಕೆಲವದರಲ್ಲಿ ಅದಕ್ಕೂ ಕಡಿಮೆ. ಚೆಂಡನ್ನು ಎತ್ತುವ ಕೆಲಸ ಆ ಓರೆಯದು. ಆಟಗಾರ ಮಾಡಬೇಕಾದ್ದು ಕೋಲು ಇನ್ನೂ ಇಳಿಯುತ್ತಿರುವಾಗಲೇ ಚೆಂಡಿಗೆ ತಗಲುವಂತೆ ನೋಡಿಕೊಳ್ಳುವುದು. ನುರಿತ ವೃತ್ತಿಪರರ ಏಳನೇ ಐರನ್ ಸುಮಾರು 4 ಡಿಗ್ರಿಯಷ್ಟು ಕೆಳಮುಖವಾಗಿಯೇ ಚೆಂಡನ್ನು ಸೇರುತ್ತದೆ. ಚೆಂಡು ಹೊರಟ ಮೇಲೆ ಕೋಲು ಮತ್ತಷ್ಟು ಇಳಿದು, ಗುರಿಯ ದಿಕ್ಕಿನಲ್ಲಿ ಕೆಲವು ಅಂಗುಲ ಮುಂದೆ ಹುಲ್ಲಿನ ತೆಳುವಾದ ಹೆಂಟೆಯೊಂದನ್ನು ಎಬ್ಬಿಸುತ್ತದೆ. ಆಟದ ಭಾಷೆಯಲ್ಲಿ ಇದಕ್ಕೆ ಡಿವಟ್ ಎಂದು ಹೆಸರು. ಕೆಳಮುಖವಾದ ಹೊಡೆತಕ್ಕೆ ಚೆಂಡು ಹಿಮ್ಮುಖವಾಗಿ ನಿಮಿಷಕ್ಕೆ ಏಳು ಸಾವಿರ ಸುತ್ತಿನಷ್ಟು ತಿರುಗುತ್ತದೆ. ಗಾಳಿಯಲ್ಲಿ ಅದನ್ನು ತೇಲಿಸುವುದೂ, ಹಸಿರಿನ ಮೇಲೆ ಬಿದ್ದ ನಂತರ ತಡೆದು ನಿಲ್ಲಿಸುವುದೂ ಈ ಸುತ್ತುವಿಕೆಯೇ. ಚೆಂಡಿಗೂ ಕೋಲಿಗೂ ನಡುವೆ ಮಣ್ಣು ಅಥವಾ ಹುಲ್ಲು ಸಿಕ್ಕಿಕೊಂಡರೆ ಆ ಹಿಡಿತ ತಪ್ಪುತ್ತದೆ.

ಅಂಚು ಎಷ್ಟು ಕಿರಿದು ನೋಡಿ. ನಿಯಮದ ಪ್ರಕಾರ ಚೆಂಡಿನ ಅಡ್ಡಳತೆ 42.67 ಮಿಲಿಮೀಟರಿಗಿಂತ ಕಡಿಮೆಯಿರುವಂತಿಲ್ಲ. ಎಂದರೆ ಅದರ ನಡುಭಾಗ ನೆಲದಿಂದ ಎರಡು ಸೆಂಟಿಮೀಟರಿನಷ್ಟು ಮೇಲಿರುತ್ತದೆ. ಕೋಲಿನ ಕೆಳಅಂಚು ಅದಕ್ಕಿಂತ ಮೇಲೆ ತಾಗಿದರೆ ಚೆಂಡು ಓಡುತ್ತದೆ, ಹಾರುವುದಿಲ್ಲ. ಚೆಂಡೂ ಕೋಲೂ ಕೂಡಿರುವ ಸಮಯವಂತೂ ಸೆಕೆಂಡಿನ ಎರಡು ಸಾವಿರದ ಒಂದು ಭಾಗದ ಆಸುಪಾಸು. ಆ ಗಳಿಗೆಯಲ್ಲಿ ಕೈಚಳಕ ತೋರಿಸಿ ಸರಿಪಡಿಸುತ್ತೇನೆಂದರೆ ಆಗದು. ಸ್ವಿಂಗಿನ ಅತಿ ಕೆಳಗಿನ ಬಿಂದು ಎಲ್ಲಿ ಬರುತ್ತದೆ ಎಂಬುದನ್ನು ಮೊದಲೇ ದೇಹಕ್ಕೆ ಕಲಿಸಿರಬೇಕು. ಅದಕ್ಕೇ ಅಭ್ಯಾಸ.

ಐರನ್ ಹೊಡೆತ ಎಂದರೆ ಬೆನ್ ಹೋಗನ್ ಹೆಸರು ನೆನಪಾಗದಿರದು. ಟೆಕ್ಸಾಸಿನಲ್ಲಿ ಹುಡುಗನಾಗಿದ್ದಾಗ ಕ್ಯಾಡಿ ಕೆಲಸ ಮಾಡುತ್ತಾ ಆಟ ಕಲಿತವರು ಅವರು. ಫೆಬ್ರುವರಿ 1949ರಲ್ಲಿ ಅವರ ಕಾರಿಗೆ ಎದುರಿನಿಂದ ಬಂದ ಬಸ್ಸು ಅಪ್ಪಳಿಸಿ ಸೊಂಟದ ಮೂಳೆ, ಕೊರಳಮೂಳೆ, ಕಾಲಿನ ಗಂಟು ಮುರಿದವು. ನಡೆದಾಡುವುದೇ ಅನುಮಾನ ಎನ್ನಿಸಿತ್ತು. ಹದಿನಾರು ತಿಂಗಳ ನಂತರ, ಜೂನ್ 1950ರಲ್ಲಿ, ಫಿಲಡೆಲ್ಫಿಯಾ ಸಮೀಪದ ಮೇರಿಯನ್‌ನಲ್ಲಿ ನಡೆದ ಅಮೆರಿಕನ್ ಓಪನ್‌ನ ಕೊನೆಯ ಕುಳಿಗೆ ಅವರು ಬಂದಾಗ ಕಾಲಿಗೆ ಬ್ಯಾಂಡೇಜು ಸುತ್ತಿತ್ತು. ಒಂದೇ ದಿನ 36 ಕುಳಿ ಆಡಬೇಕಿದ್ದ ಕಾಲ ಅದು. ಮುಂಚೂಣಿ ಕೈತಪ್ಪಿತ್ತು, ಅಲ್ಲಿ ನಾಲ್ಕೇ ಹೊಡೆತಗಳಲ್ಲಿ ಮುಗಿಸಿದರೆ ಮಾತ್ರ ಸಮಬಲ. ಹೋಗನ್ ಒಂದನೇ ಐರನ್ ಹೊರತೆಗೆದರು. ಮುಖದ ಓರೆ ತೀರಾ ಕಡಿಮೆಯಿರುವ ಆ ಕೋಲನ್ನು ಇಂದು ಹೆಚ್ಚಿನವರು ಚೀಲದಲ್ಲಿ ಇಡುವುದೇ ಇಲ್ಲ. ಚೆಂಡು ಹಸಿರಿನ ಮೇಲೆ ಹೋಗಿ ನಿಂತಿತು, ಎರಡು ಪಟ್‌ಗಳಲ್ಲಿ ಕೆಲಸ ಮುಗಿಯಿತು. ಮಾರನೆಯ ದಿನದ ಮೂವರ ಪಂದ್ಯದಲ್ಲಿ ಅವರು 69 ಹೊಡೆತಗಳಲ್ಲಿ ಗೆದ್ದರು. ಹೊಡೆದ ನಂತರದ ಅವರ ನಿಲುವನ್ನು ಹಿಂದಿನಿಂದ ಹಿಡಿದ ಛಾಯಾಚಿತ್ರ ಗಾಲ್ಫ್‌ನ ಅತಿ ಪ್ರಸಿದ್ಧ ಚಿತ್ರಗಳಲ್ಲೊಂದು. ದಣಿದ ಕಾಲು ಕೈಕೊಟ್ಟರೂ ಸ್ವಿಂಗು ಕೈಕೊಡಲಿಲ್ಲವೆಂದರೆ, ಅದಕ್ಕೆ ಕಾರಣ ಅಭ್ಯಾಸದ ಮೈದಾನದಲ್ಲಿ ಕಳೆದ ಸಾವಿರಾರು ಗಂಟೆಗಳು.

ಹೋಗನ್‌ರಂತೆ ದಿನವಿಡೀ ಹೊಡೆಯಲು ಕಚೇರಿಗೆ ಹೋಗುವವರಿಗೆ ಸಾಧ್ಯವಿಲ್ಲ, ಸರಿ. ಆದರೆ ಒಳ್ಳೆಯ ಅಭ್ಯಾಸಕ್ಕೆ ದುಬಾರಿ ಸಾಮಗ್ರಿಯೂ ಬೇಡ. ಹಿಡಿ ರಂಗೋಲಿ ಪುಡಿ ಸಾಕು. ಹುಲ್ಲಿನ ಅಭ್ಯಾಸದ ಜಾಗದಲ್ಲಿ (ಅಲ್ಲಿನವರ ಅನುಮತಿ ಪಡೆದೇ) ಪುಡಿಯಿಂದ ಗುರಿಗೆ ಅಡ್ಡಲಾಗಿ ಎರಡು ಮಾರು ಉದ್ದದ ಗೆರೆ ಎಳೆಯಬೇಕು. ಗೆರೆ ಎರಡು ಪಾದಗಳ ನಡುವೆ ಬರುವಂತೆ ನಿಂತು, ಚೆಂಡಿಲ್ಲದೆ ಏಳನೇ ಐರನ್ ಬೀಸಬೇಕು. ಒಂದು ಹೆಜ್ಜೆ ಸರಿಯುವುದು, ಮತ್ತೆ ಬೀಸುವುದು. ಹತ್ತು ಬೀಸಿನ ನಂತರ ಹಿಂದೆ ಸರಿದು ನೋಡಿದರೆ ಸತ್ಯ ನೆಲದ ಮೇಲೆ ಬರೆದಿರುತ್ತದೆ. ಗುರುತುಗಳು ಗೆರೆಯ ಮೇಲೆ ಶುರುವಾಗಿ ಗುರಿಯ ಕಡೆಗೆ ಚಾಚಿದ್ದರೆ ಸರಿ. ಗೆರೆಗಿಂತ ಹಿಂದೆ ಶುರುವಾಗಿದ್ದರೆ ಬಲಗೈ ಆಟಗಾರನ ದೇಹದ ಭಾರ ಇನ್ನೂ ಬಲಗಾಲಿನ ಮೇಲೇ ಉಳಿದಿದೆ ಎಂದು ಬಹುಮಟ್ಟಿಗೆ ಹೇಳಬಹುದು. ಗುರುತು ಸತತವಾಗಿ ಸರಿಯಾದ ಕಡೆ ಬೀಳುವವರೆಗೆ ಗೆರೆಯ ಮೇಲೆ ಚೆಂಡು ಇಡುವ ಗೋಜಿಗೆ ಹೋಗಬಾರದು. ಚೆಂಡು ಕಂಡ ಕೂಡಲೇ ಮನುಷ್ಯನಿಗೆ ಹೊಡೆಯುವ ಹುಚ್ಚು ಹತ್ತುತ್ತದೆ.

ನಗರದ ಅನೇಕರಿಗೆ ಸಿಗುವುದು ಹುಲ್ಲಲ್ಲ, ಪ್ಲಾಸ್ಟಿಕ್ ಚಾಪೆ. ಈ ಚಾಪೆ ಮೋಸಗಾರ. ಎರಡು ಅಂಗುಲ ಹಿಂದೆ ಬಡಿದರೂ ಕೋಲು ಜಾರಿಕೊಂಡು ಮುಂದೆ ಹೋಗಿ ಚೆಂಡನ್ನು ಚೆನ್ನಾಗಿಯೇ ಹಾರಿಸುತ್ತದೆ, ಆಟಗಾರ ಹಿಗ್ಗುತ್ತಾನೆ. ಭಾನುವಾರ ನಿಜವಾದ ನೆಲದ ಮೇಲೆ ನಿಂತಾಗ ಬಣ್ಣ ಬಯಲು. ಬೇಸಿಗೆಯ ಗಟ್ಟಿ ನೆಲವಾದರಂತೂ ಹಿಂದೆ ಬಿದ್ದ ಪೆಟ್ಟು ಮಣಿಕಟ್ಟಿನವರೆಗೂ ನಡುಗಿಸುತ್ತದೆ. ಚಾಪೆಯಲ್ಲೇ ಕಲಿಯುವವರು ಮುಖ ಒರೆಸುವ ಟವೆಲನ್ನು ಮಡಚಿ ಚೆಂಡಿಗಿಂತ ನಾಲ್ಕೈದು ಅಂಗುಲ ಹಿಂದೆ ಹಾಸಿಕೊಳ್ಳಲಿ. ಟವೆಲಿಗೆ ತಾಗದೆ ಚೆಂಡು ಹೊಡೆಯಬೇಕು. ಆದರೆ ಒಂದು ಎಚ್ಚರಿಕೆ: ಟವೆಲ್ ತಪ್ಪಿಸುವ ಭರದಲ್ಲಿ ಕೆಲವರು ಸೌದೆ ಒಡೆಯುವಂತೆ ಕಡಿದಾಗಿ ಕೋಲು ಇಳಿಸುತ್ತಾರೆ. ಡಿವಟ್ ತೆಳುವಾಗಿ, ನೋಟಿನಷ್ಟು ಅಗಲವಾಗಿ ಇರಬೇಕೇ ಹೊರತು ಗಿಡ ನೆಡುವ ಗುಂಡಿಯಂತಲ್ಲ.

ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ಎಲ್ಲಕ್ಕಿಂತ ನೀರಸವಾಗಿ ಕಾಣುವ ಅಭ್ಯಾಸ. ಎರಡೂ ಪಾದ ಜೋಡಿಸಿ ನಿಂತು, ಕೈಗಳು ಸೊಂಟದ ಎತ್ತರದಿಂದ ಸೊಂಟದ ಎತ್ತರಕ್ಕೆ ಮಾತ್ರ ಹೋಗುವಂತೆ ಅರ್ಧ ಸ್ವಿಂಗ್ ಮಾಡುವುದು. ಜೋರು ಮಾಡಿದರೆ ತೂಕ ತಪ್ಪಿ ಬೀಳುವಂತಾಗುತ್ತದೆ. ಹೀಗಾಗಿ ಬೇರೆ ಯಾರೂ ಹೇಳದೆಯೇ ದೇಹ ನಿಧಾನವಾಗುತ್ತದೆ. ಚೆಂಡು ಐವತ್ತು ಗಜ ಹೋದರೂ ಸಾಕು. ಪಕ್ಕದವರು ಇನ್ನೂರು ಗಜ ಹೊಡೆಯುತ್ತಿರುವಾಗ ಇದನ್ನು ಮಾಡಲು ನಾಚಿಕೆಯಾಗುವುದುಂಟು. ಅನೇಕರು ಬಿಟ್ಟುಬಿಡುವುದು ಇಲ್ಲಿಯೇ, ಬಿಟ್ಟು ಹೊಸ ಕೋಲುಗಳ ಅಂಗಡಿಗೆ ಹೋಗುವುದೂ ಇದಾದ ಮೇಲೆಯೇ. ಚೆಂಡು ಮುಖದ ಯಾವ ಭಾಗಕ್ಕೆ ತಗಲುತ್ತಿದೆ ಎಂದು ತಿಳಿಯಲು ಕೋಲಿಗೆ ಚೂರು ಟಾಲ್ಕಂ ಪೌಡರ್ ಸವರಿದರೆ ಗುರುತು ಮೂಡುತ್ತದೆ.

ಇಂಥ ಕಲಿಕೆಗೆ ನಮ್ಮ ನೆಲದಲ್ಲೂ ಸಾಕ್ಷಿಯಿದೆ. 1876ರಲ್ಲಿ ಆರಂಭವಾದ ಬೆಂಗಳೂರು ಗಾಲ್ಫ್ ಕ್ಲಬ್ಬಿನ ಕಾಲದಿಂದ ಈ ಆಟ ಉಳ್ಳವರದೆಂಬ ಮಾತಿದೆ. ಆದರೆ ಬಿಡದಿ ಬಳಿಯ ಈಗಲ್‌ಟನ್ ಮೈದಾನದ ಪಕ್ಕದ ಹಳ್ಳಿಯಿಂದ ಬಂದ ಎಸ್. ಚಿಕ್ಕರಂಗಪ್ಪ ದೇಶದ ಪ್ರಮುಖ ವೃತ್ತಿಪರರಲ್ಲಿ ಒಬ್ಬರಾದರು. ಭಾರತದಲ್ಲಿ ಕ್ಯಾಡಿಗಳಾಗಿ ಬೇರೆಯವರ ಚೀಲ ಹೊರುತ್ತಾ, ಅವರ ಹೊಡೆತ ನೋಡುತ್ತಾ ಆಟ ಕಲಿತು ವೃತ್ತಿಪರರಾದವರು ಕಡಿಮೆಯೇನಲ್ಲ.

ಐವತ್ತು ಚೆಂಡುಗಳ ಬುಟ್ಟಿ ಸಿಕ್ಕರೆ ಮೊದಲ ಇಪ್ಪತ್ತನ್ನು ಪಾದ ಜೋಡಿಸಿದ ಅರ್ಧ ಸ್ವಿಂಗಿಗೆ, ಮುಂದಿನ ಇಪ್ಪತ್ತನ್ನು ಗೆರೆ ಅಥವಾ ಟವೆಲಿಗೆ ಕೊಡುವುದು ಲೇಸು. ಉಳಿದ ಹತ್ತನ್ನು ಪೂರ್ಣ ಸ್ವಿಂಗಿನಲ್ಲಿ ಮನಸೋ ಇಚ್ಛೆ ಹೊಡೆಯಲಿ. ಹುಲ್ಲಿನ ಮೇಲಾದರೆ ಹೊರಡುವ ಮೊದಲು ಗುಂಡಿಗಳಿಗೆ ಮರಳು ತುಂಬಬೇಕು. ತುಂಬುವಾಗ ಒಂದಿಷ್ಟು ಬಗ್ಗಿ ನೋಡುವುದೂ ಒಳ್ಳೆಯದು: ಡಿವಟ್ ಗುರಿಯ ಎಡಕ್ಕೆ ಮುಖ ಮಾಡಿದೆಯೋ, ಬಲಕ್ಕೋ? ಚೆಂಡು ಬಾಗುವ ರೋಗದ ಪತ್ತೆ ಶುರುವಾಗುವುದು ಅಲ್ಲಿಂದ.